ಸ್ತನ ಮರುರಚನೆ: ಇಂಪ್ಲಾಂಟೋ, ಬೆನ್ನಿನ ಸ್ನಾಯುವೋ, ಹೊಟ್ಟೆಯ ಕೊಬ್ಬೋ?

ರೇಡಿಯೇಷನ್ ಇದೆಯೋ ಇಲ್ಲವೋ? ಕ್ಯಾನ್ಸರ್‌ಗಾಗಿ ಸ್ತನ ತೆಗೆದ ಮೇಲೆ ಆ ಜಾಗಕ್ಕೆ ಮತ್ತೆ ಆಕಾರ ಕೊಡಿಸಿಕೊಳ್ಳುವ ಮಾತು ಇಲ್ಲಿಂದಲೇ ಶುರುವಾಗಬೇಕು. ನಮ್ಮಲ್ಲಿ ಗಂಟು ದೊಡ್ಡದಾಗಿ, ಕಂಕುಳಿಗೂ ಹರಡಿದ ಮೇಲೆ ಆಸ್ಪತ್ರೆಗೆ ಬರುವವರು ಬಹಳ. ಅಂಥವರಿಗೆ ಆಪರೇಷನ್ ನಂತರ ಎದೆಗೆ ‘ಕರೆಂಟ್’ (ಅಂದರೆ ರೇಡಿಯೇಷನ್) ಕೊಡುವುದು ಹೆಚ್ಚುಕಡಿಮೆ ಖಚಿತ. ಕಿರಣ ಬಿದ್ದ ಚರ್ಮ ಬಿಗಿಯಾಗುತ್ತದೆ, ಸಣ್ಣ ರಕ್ತನಾಳಗಳು ಸೊರಗುತ್ತವೆ, ಗಾಯ ನಿಧಾನವಾಗಿ ಮಾಯುತ್ತದೆ. ಯಾವ ವಿಧಾನವನ್ನೇ ತೂಗಿ ನೋಡಲಿ, ಇದನ್ನು ಪಕ್ಕಕ್ಕಿಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ.

ಇಂಪ್ಲಾಂಟ್ ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಮೊದಲ ತಿಂಗಳ ಮಟ್ಟಿಗೆ ಅದು ನಿಜ ಕೂಡ: ಮೈಯ ಬೇರೆ ಭಾಗ ಕೊಯ್ಯುವುದಿಲ್ಲ, ಬೇಗ ಮನೆಗೆ ಹೋಗಬಹುದು. ಸ್ತನದ ಚರ್ಮ ಸಾಕಷ್ಟು ಉಳಿದಿದ್ದರೆ ಸಿಲಿಕೋನ್ ಜೆಲ್ಲಿನ ಚೀಲವನ್ನು ಅದೇ ದಿನ ಕೂರಿಸುತ್ತಾರೆ. ಉಳಿದಿಲ್ಲದಿದ್ದರೆ ಎಕ್ಸ್‌ಪ್ಯಾಂಡರ್ ಎಂಬ ಬಲೂನನ್ನು ಇಟ್ಟು, ಎರಡು ಮೂರು ವಾರ ಕಳೆದ ಮೇಲೆ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸೂಜಿಯಲ್ಲಿ ಸುಮಾರು 50ರಿಂದ 100 ಎಂ.ಎಲ್. ಸಲೈನ್ ತುಂಬುತ್ತಾ ಚರ್ಮ ಹಿಗ್ಗಿಸುತ್ತಾರೆ. ತುಂಬಿಸಿಕೊಂಡ ದಿನ ಎದೆ ಬಿಗಿದು ನೋಯುವುದು ಸಾಮಾನ್ಯ. ಕೆಲವು ತಿಂಗಳಾದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಬಲೂನು ತೆಗೆದು ಇಂಪ್ಲಾಂಟ್ ಇಡುತ್ತಾರೆ. ಹಲವು ಎಕ್ಸ್‌ಪ್ಯಾಂಡರ್‌ಗಳ ಸೂಜಿ ಚುಚ್ಚುವ ಜಾಗದಲ್ಲಿ ಅಯಸ್ಕಾಂತ ಇರುತ್ತದೆ. ಅಂಥದ್ದು ಒಳಗಿರುವಷ್ಟು ದಿನ ಎಂಆರ್‌ಐ ಕೋಣೆಗೆ ಹೋಗಬಾರದು.

ತೊಂದರೆ ಶುರುವಾಗುವುದು ಆಮೇಲೆ. ಒಳಗೆ ಸೇರಿದ ಯಾವ ಪರಕೀಯ ವಸ್ತುವಿನ ಸುತ್ತಲೂ ದೇಹ ಒಂದು ಪೊರೆ ಕಟ್ಟುತ್ತದೆ. ರೇಡಿಯೇಷನ್ ಸೇರಿದರೆ ಆ ಪೊರೆ ಕುಗ್ಗಿ ಇಂಪ್ಲಾಂಟನ್ನು ಹಿಂಡುವ ಸಂಭವ ಬಹಳ ಹೆಚ್ಚು. ಎದೆ ಗಟ್ಟಿಯಾಗಿ, ಮೇಲಕ್ಕೆಳೆದು, ನೋಯತೊಡಗುತ್ತದೆ. ಇಂಪ್ಲಾಂಟಿಗೆ ರಕ್ತ ಸಂಚಾರವಿಲ್ಲದ್ದರಿಂದ ಸೋಂಕು ತಗುಲಿದರೆ ಆ್ಯಂಟಿಬಯಾಟಿಕ್ ಅದರ ಮೈಗೆ ಮುಟ್ಟುವುದಿಲ್ಲ, ಎಷ್ಟೋ ಸಲ ಅದನ್ನೇ ತೆಗೆಯಬೇಕಾಗುತ್ತದೆ. ಜೊತೆಗೆ ಇದು ಆಯುಷ್ಯಪೂರ್ತಿ ಬಾಳುವ ವಸ್ತುವಲ್ಲ. ಸಿಲಿಕೋನ್ ಸೋರಿದರೂ ಹೊರಗೆ ತಿಳಿಯದಿರಬಹುದು. ಅದಕ್ಕೇ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 5–6 ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ 2–3 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತದೆ. ಅಪರೂಪದ ಒಂದು ಲಿಂಫೋಮಾದ (ಬಿಳಿ ರಕ್ತಕಣಗಳ ಕ್ಯಾನ್ಸರ್) ನಂಟು ಕಂಡುಬಂದು, ಅಲರ್‌ಗನ್ ಕಂಪನಿ 2019ರ ಜುಲೈನಲ್ಲಿ ತನ್ನ ಬಯೋಸೆಲ್ ಎಂಬ ತರಿಮೈಯ ಇಂಪ್ಲಾಂಟ್‌ಗಳನ್ನು ವಾಪಸ್ ಪಡೆಯಿತು. ಹಾಗಾಗಿ ಇಡುತ್ತಿರುವುದು ನುಣುಪಿನದೋ ತರಿಯದೋ ಕೇಳಿ. ಡಬ್ಬದ ಮೇಲಿನ ಸೀರಿಯಲ್ ನಂಬರಿನ ಸ್ಟಿಕರನ್ನು ಡಿಸ್‌ಚಾರ್ಜ್ ಸಮ್ಮರಿಗೆ ಅಂಟಿಸಿಕೊಂಡೇ ಬನ್ನಿ. ರೇಡಿಯೇಷನ್ ಇಲ್ಲದ, ಸಣ್ಣ ಅಥವಾ ಮಧ್ಯಮ ಗಾತ್ರದ ಸ್ತನಕ್ಕೆ ಇದು ಒಳ್ಳೆಯ ಆಯ್ಕೆ. ರೇಡಿಯೇಷನ್ ಇದ್ದವರಿಗೆ ಬರೀ ಇಂಪ್ಲಾಂಟನ್ನು ನಾವು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಹೊಟ್ಟೆಯ ಕೊಬ್ಬಿನದು ಇನ್ನೊಂದು ತುದಿ. 1982ರಲ್ಲಿ ಬಂದ ಟ್ರ್ಯಾಮ್ ವಿಧಾನದಲ್ಲಿ ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬಿನ ಜೊತೆ ಹೊಟ್ಟೆಯ ನೆಟ್ಟನೆ ಸ್ನಾಯುವನ್ನೂ ಎಬ್ಬಿಸಿ ಎದೆಗೆ ತರುತ್ತಿದ್ದರು. ಸ್ನಾಯು ಹೋದ ಕಡೆ ಹೊಟ್ಟೆ ಉಬ್ಬುವುದು, ಹರ್ನಿಯಾ ಆಗುವುದು ಇತ್ತು. ಹೀಗೆ ರಕ್ತನಾಳ ಸಮೇತ ಸಾಗಿಸುವ ಮಾಂಸದ ತುಂಡಿಗೆ ಫ್ಲ್ಯಾಪ್ ಎನ್ನುತ್ತಾರೆ. ಆಮೇಲೆ ಬಂದ ಡೀಪ್ (DIEP) ಫ್ಲ್ಯಾಪ್‌ನಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು, ಅದರ ನಡುವೆ ನುಸುಳಿ ಬರುವ ರಕ್ತನಾಳಗಳನ್ನು ಮಾತ್ರ ಬಿಡಿಸಿಕೊಂಡು, ಪಕ್ಕೆಲುಬಿನ ಹತ್ತಿರದ ನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತಾರೆ. ಹೊಲಿಯುವ ನಾಳದ ಅಗಲ ಎರಡು ಮೂರು ಮಿಲಿಮೀಟರ್, ದಾರ ತಲೆಕೂದಲಿಗಿಂತ ತೆಳು. ಒಂದು ಕಡೆಗೇ ಆರರಿಂದ ಎಂಟು ಗಂಟೆ ಹಿಡಿಯಬಹುದು. ಬಂದದ್ದು ಮಾತ್ರ ನಿಮ್ಮದೇ ಮೈಯ ಮಾಂಸ: ಮೃದು, ಬೆಚ್ಚಗೆ, ತೂಕ ಏರಿಳಿದಂತೆ ತಾನೂ ಏರಿಳಿಯುತ್ತದೆ.

ಇದರ ಅಳಿವು ಉಳಿವು ತೀರ್ಮಾನವಾಗುವುದು ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಫ್ಲ್ಯಾಪ್ ನೇರಳೆ ಬಣ್ಣಕ್ಕೆ ತಿರುಗಿ ಊದಿದರೆ ರಕ್ತ ಹೊರಹೋಗುವ ಅಭಿಧಮನಿ ಕಟ್ಟಿಕೊಂಡಿದೆ. ಬಿಳಿಚಿ ತಣ್ಣಗಾದರೆ ರಕ್ತ ತರುವ ಅಪಧಮನಿ. ಎರಡರಲ್ಲೂ ತಡಮಾಡದೆ ಮತ್ತೆ ಥಿಯೇಟರಿಗೆ ಒಯ್ದರೆ ಉಳಿಸಬಹುದು, ಬೆಳಗಾಗಲಿ ಎಂದು ಕಾದರೆ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಆಸ್ಪತ್ರೆ ಆರಿಸುವಾಗ ಹೊಳೆಯುವ ಕೋಣೆ ನೋಡಬೇಡಿ. ರಾತ್ರಿ ಎರಡು ಗಂಟೆಗೆ ಫ್ಲ್ಯಾಪ್ ನೋಡುವವರು ಯಾರು, ಆಗ ಥಿಯೇಟರ್ ಸಿಗುತ್ತದೆಯೇ, ಈ ತಂಡ ವರ್ಷಕ್ಕೆ ಎಷ್ಟು ಡೀಪ್ ಮಾಡುತ್ತದೆ ಎಂದು ಕೇಳಿ. ಪಳಗಿದ ಕೈಯಲ್ಲೂ ನೂರಕ್ಕೆ ಕೆಲವು ಪೂರ್ತಿ ವಿಫಲವಾಗುತ್ತವೆ. ಕೆಲವರಲ್ಲಿ ಕೊಬ್ಬಿನ ಒಂದು ಭಾಗ ಸತ್ತು ಗಂಟಿನಂತೆ ಕೈಗೆ ಸಿಗುತ್ತದೆ. ಕ್ಯಾನ್ಸರ್ ಮರಳಿತೆಂದು ಹೆದರಬೇಕಿಲ್ಲ, ಆದರೆ ಸ್ಕ್ಯಾನ್ ಮಾಡಿಸದೆ ಬಿಡಲೂಬಾರದು.

ಸಿಸೇರಿಯನ್ ಆಗಿದೆ, ನಮಗೆ ಇದು ಆಗುವುದಿಲ್ಲ ಎಂದುಕೊಂಡು ಕೇಳದೇ ಇರುವ ಹೆಂಗಸರಿದ್ದಾರೆ. ಕೆಳಹೊಟ್ಟೆಯ ಅಡ್ಡ ಗಾಯ ಸಾಮಾನ್ಯವಾಗಿ ಅಡ್ಡಿಯಲ್ಲ; ಮೊದಲೇ ಸಿಟಿ ಆ್ಯಂಜಿಯೋ ಮಾಡಿ ನಾಳ ಎಲ್ಲಿದೆ ನೋಡಿಕೊಳ್ಳುತ್ತಾರೆ. ನಿಜವಾದ ಅಡ್ಡಿ ತಂಬಾಕು. ಬೀಡಿ ಸಿಗರೇಟಷ್ಟೇ ಅಲ್ಲ, ಎಲೆಅಡಿಕೆ ಜೊತೆಗಿನ ಕಡ್ಡಿಪುಡಿಯಲ್ಲೂ ನಿಕೋಟಿನ್ ಇದೆ, ಅದು ನಾಳಗಳನ್ನು ಹಿಂಡುತ್ತದೆ. ಕಡೇಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು, ಡಾಕ್ಟರಿಂದ ಮುಚ್ಚಿಡಬಾರದು. ಶುಗರ್ ಹತೋಟಿಯಲ್ಲಿರಬೇಕು. ಟ್ಯಾಮಾಕ್ಸಿಫೆನ್ ಎಂಬ ಸ್ತನ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು; ಕೆಲವು ವಾರ ನಿಲ್ಲಿಸುವುದೋ ಬೇಡವೋ ಎಂಬುದನ್ನು ಕ್ಯಾನ್ಸರ್ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಕೂಡಿ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಮನೆಗೆ ಬಂದ ಮೇಲೆ ಮೊದಲ ಕೆಲ ದಿನ ಸೊಂಟ ಬಗ್ಗಿಸಿಯೇ ನಡೆಯಬೇಕು, ಸುಮಾರು ಆರು ವಾರ ತುಂಬಿದ ಕೊಡ, ಸಿಲಿಂಡರ್ ಎತ್ತುವಂತಿಲ್ಲ.

ಇವೆರಡರ ನಡುವೆ ಬೆನ್ನಿನ ಅಗಲ ಸ್ನಾಯು, ಆಸ್ಪತ್ರೆಯವರ ಬಾಯಲ್ಲಿ ಎಲ್‌ಡಿ ಫ್ಲ್ಯಾಪ್, ತನಗೆ ಸಲ್ಲಬೇಕಾದ ಮರ್ಯಾದೆ ಪಡೆದಿಲ್ಲ. ಚರ್ಮ ಸಮೇತ ಸ್ನಾಯುವನ್ನು ಅದರದೇ ರಕ್ತನಾಳದ ತೊಟ್ಟು ಬಿಡಿಸದೆ ಕಂಕುಳ ಕೆಳಗಿನಿಂದ ಮುಂದಕ್ಕೆ ತರುತ್ತಾರೆ. ಸೂಕ್ಷ್ಮದರ್ಶಕ ಬೇಡ, ಫ್ಲ್ಯಾಪ್ ಸಾಯುವುದು ಅಪರೂಪ. ಕಿರಣ ತಿಂದ ಎದೆಗೂ ಹೊಸ ರಕ್ತ ಸಂಚಾರದ ಚರ್ಮ ಸಿಗುತ್ತದೆ. ಕೊರತೆ ಗಾತ್ರದ್ದು: ತುಂಬಲು ಅಡಿಯಲ್ಲಿ ಇಂಪ್ಲಾಂಟ್ ಇಡಬೇಕಾಗಬಹುದು, ಅಥವಾ ಆಮೇಲೆ ಕೊಬ್ಬು ಚುಚ್ಚಬೇಕು. ಬೆನ್ನಲ್ಲಿ ನೀರು ತುಂಬಿಕೊಳ್ಳುವುದಂತೂ ಬಹಳ ಸಾಮಾನ್ಯ. ಡ್ರೈನ್ ಪೈಪನ್ನು ಹೆಚ್ಚಾಗಿ ದಿನಕ್ಕೆ 30 ಎಂ.ಎಲ್.ಗಿಂತ ಕಡಿಮೆ ಬರತೊಡಗಿದ ಮೇಲೆ ತೆಗೆಯುತ್ತಾರೆ. ತೆಗೆದ ಮೇಲೂ ಕೆಲವರು ಸೂಜಿಯಲ್ಲಿ ನೀರು ತೆಗೆಸಿಕೊಳ್ಳಲು ಓಡಾಡಬೇಕಾಗುತ್ತದೆ. ಬಾವಿಯಿಂದ ಹಗ್ಗ ಜಗ್ಗುವಂಥ ಕೆಲಸದಲ್ಲಿ ಆ ಕೈಯ ಬಲ ಕೊಂಚ ಕಡಿಮೆ ಅನ್ನಿಸಬಹುದು.

ಯಾವುದೇ ಮಾಡಿಸಿಕೊಂಡರೂ ಚರ್ಮದ ಸ್ಪರ್ಶ ಮೊದಲಿನಂತೆ ಬರುವುದಿಲ್ಲ. ನೋವಿಗೆಂದು ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಇಡಲೇಬಾರದು.

ಹಣದ ವಿಷಯಕ್ಕೆ ಬಂದರೆ, ‘ಪ್ಲಾಸ್ಟಿಕ್ ಸರ್ಜರಿಗೆ ವಿಮೆ ಇಲ್ಲ’ ಎಂಬ ಮಾತಿಗೆ ತಲೆಯಾಡಿಸಿ ಬರಬೇಡಿ. ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ರೂಪಿಸಿದ ಷರತ್ತಿನಲ್ಲೇ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಯನ್ನು ಆ ನಿಷೇಧದಿಂದ ಹೊರಗಿಟ್ಟಿದ್ದಾರೆ. ಪಾಲಿಸಿಯಲ್ಲಿ ಅದು ಎಕ್ಸ್‌ಸಿಎಲ್ 08 ಎಂಬ ಗುರುತಿನಲ್ಲಿರುತ್ತದೆ. ಇನ್ನೊಂದು ಸ್ತನವನ್ನು ಸರಿಹೊಂದಿಸುವುದು, ಆಮೇಲಿನ ಮೊಲೆತೊಟ್ಟಿನ ಕೆಲಸ ಇವೂ ಸೇರುತ್ತವೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇದಾವುದೂ ಬೇಡ, ಎದೆ ಸಪಾಟಾಗಿಯೇ ಇರಲಿ ಎನ್ನುವುದೂ ಪೂರ್ಣವಾದ ಆಯ್ಕೆ. ಹಾಗಿದ್ದರೆ ಸಡಿಲ ಚರ್ಮ ಬಿಡದೆ ನೀಟಾಗಿ ಮುಚ್ಚಬೇಕೆಂದು ಸರ್ಜನ್‌ಗೆ ಮೊದಲೇ ಹೇಳಿ. ಗಾಯ ಮಾಗುವ ತನಕ, ಆರೆಂಟು ವಾರ, ಬ್ಲೌಸಿನೊಳಗೆ ಹಗುರವಾದ ಹತ್ತಿಯ ಪ್ಯಾಡ್ ಸಾಕು. ಆಮೇಲೆ ಇನ್ನೊಂದು ಬದಿಯ ತೂಕಕ್ಕೆ ಹೊಂದುವ ಸಿಲಿಕೋನ್ ಪ್ರಾಸ್ಥೆಸಿಸ್ (ಬ್ಲೌಸಿನೊಳಗೆ ಇಡುವ ಕೃತಕ ಸ್ತನ) ಕೊಳ್ಳಬಹುದು. ತೂಕ ಕಡಿಮೆಯಾದರೆ ಬ್ಲೌಸು ಆ ಕಡೆ ಮೇಲಕ್ಕೇರುತ್ತದೆ. ಟೈಲರ್‌ಗೆ ಹೇಳಿ ಒಳಗಡೆ ಹತ್ತಿಬಟ್ಟೆಯ ಜೇಬು ಹೊಲಿಸಿದರೆ ಬಗ್ಗಿದಾಗ ಜಾರುವುದಿಲ್ಲ, ಬೆವರೂ ಹೀರುತ್ತದೆ. ಸೆರಗಿನ ಪಿನ್ ಮಾತ್ರ ಭುಜದ ಮೇಲಷ್ಟೇ ಇರಲಿ, ಎದೆಯ ಮೇಲೆ ಚುಚ್ಚಿದರೆ ಸಿಲಿಕೋನ್ ತೂತಾಗಿ ಹೋಗುತ್ತದೆ.