ದ್ರಾಕ್ಷಿ ಪತಂಗದ ಮೋಹಕ ಬಲೆ: ಯಾವ ಕೆಲಸಕ್ಕೆ ಸೈ, ಯಾವುದಕ್ಕೆ ಸಾಲದು

ಅಮೆರಿಕದ ನ್ಯೂಯಾರ್ಕ್, ಮಿಷಿಗನ್‌ನಂಥ ಚಳಿ ಸೀಮೆಯ ದ್ರಾಕ್ಷಿ ತೋಟಗಳನ್ನು ಬಹುವಾಗಿ ಕಾಡುವ ಕೀಟಗಳಲ್ಲಿ ಗ್ರೇಪ್ ಬೆರಿ ಮಾತ್ ಎಂಬ ಪುಟ್ಟ ಪತಂಗವೂ ಒಂದು. ಇದರ ಹುಳು ಕಾಯಿಯೊಳಗೆ ಹೊಕ್ಕು ತಿರುಳನ್ನು ತಿನ್ನುತ್ತ, ನೂಲು ಹೆಣೆದು ಪಕ್ಕದ ಕಾಯಿಗೂ ದಾಟುತ್ತದೆ. ಹಾಗೆ ಆದ ಗಾಯಗಳಿಂದಲೇ ಗೊಂಚಲಿಗೆ ಕೊಳೆರೋಗ ತಗಲುತ್ತದೆ. ಈ ಪತಂಗಕ್ಕೆಂದೇ ಮಾರಾಟವಾಗುವ ಮೋಹಕ ಬಲೆಯನ್ನು ಬಳಸಿದ ಮೇಲೆ, ಅದನ್ನು ಕೊಳ್ಳಬಹುದು, ಆದರೆ ಅದರಿಂದ ಏನನ್ನು ನಿರೀಕ್ಷಿಸಬೇಕೆಂಬುದನ್ನು ಮೊದಲೇ ತಿಳಿದು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಬಲೆಯ ರಚನೆ ಸರಳವಾಗಿದೆ: ಗುಡಾರದಂತೆ ಮಡಚುವ ರಟ್ಟು, ತಳದಲ್ಲಿ ಅಂಟುಹಾಳೆ, ಹೆಣ್ಣು ಪತಂಗದ ವಾಸನೆಯನ್ನು ಹೋಲುವ ರಾಸಾಯನಿಕ ತುಂಬಿದ ರಬ್ಬರ್ ತುಂಡು. ಕಟ್ಟುವುದು ಸುಲಭ, ಮಳೆಗೂ ತಡೆಯುತ್ತದೆ. ವಸಂತದಲ್ಲಿ ಗಂಡು ಪತಂಗಗಳ ಮೊದಲ ಹಾರಾಟವನ್ನು ಇದು ಚೆನ್ನಾಗಿಯೇ ತೋರಿಸಿಕೊಡುತ್ತದೆ. ಈ ಪತಂಗದ ಕೋಶಗಳು (ಪ್ಯೂಪಾ) ಉದುರೆಲೆಗಳ ನಡುವೆ ಚಳಿಗಾಲವನ್ನು ಕಳೆಯುವುದರಿಂದಲೂ, ಕಾಡುದ್ರಾಕ್ಷಿ ಬೆಳೆದ ಮರಗಳ ಅಂಚಿನಲ್ಲಿ ಹಾವಳಿ ಹೆಚ್ಚಿರುವುದರಿಂದಲೂ ಒಂದೆರಡು ಬಲೆಗಳನ್ನು ಆ ಅಂಚಿಗೇ ಕಟ್ಟುವುದು ಒಳ್ಳೆಯದು.

ತೊಡಕು ಆಮೇಲಿನದು. ಬೇಸಿಗೆ ಮುಂದುವರಿದಂತೆ ಗೊಂಚಲುಗಳಲ್ಲಿ ಹುಳುಗಳು ಹೆಚ್ಚುತ್ತಿದ್ದರೂ ಬಲೆಗೆ ಬೀಳುವ ಪತಂಗಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಖಾಲಿ ಅಂಟುಹಾಳೆಯನ್ನು ನೋಡಿ ತೋಟ ಸುರಕ್ಷಿತವಾಗಿದೆಯೆಂದು ನಂಬುವ ಬೆಳೆಗಾರನಿಗೆ ನಷ್ಟ ಖಚಿತ. ಇದಲ್ಲದೆ, ನೋಟದಲ್ಲಿ ಇದನ್ನೇ ಹೋಲುವ ಸುಮ್ಯಾಕ್ ಪತಂಗವೂ ಅದೇ ವಾಸನೆಗೆ ಬಂದು ಬೀಳುವುದರಿಂದ, ರೆಕ್ಕೆಯ ಗುರುತನ್ನು ಬಲ್ಲವರು ನೋಡದೆ ಎಣಿಸಿದ ಲೆಕ್ಕಕ್ಕೆ ಬೆಲೆಯಿಲ್ಲ. ಉತ್ಪನ್ನದೊಂದಿಗೆ ಬರುವ ಕೈಪಿಡಿಯಲ್ಲಿ ಈ ಎರಡು ಮಾತುಗಳು ದೊಡ್ಡಕ್ಷರದಲ್ಲಿ ಇರಬೇಕಿತ್ತು.

ಆದ್ದರಿಂದ ಔಷಧ ಸಿಂಪಡಣೆಯ ದಿನವನ್ನು ಬಲೆಯಿಂದ ನಿರ್ಧರಿಸದೆ ಉಷ್ಣಾಂಶದ ಲೆಕ್ಕದಿಂದ ನಿರ್ಧರಿಸುವುದೇ ಸರಿ. ರಿವರ್‌ಬ್ಯಾಂಕ್ ಗ್ರೇಪ್ ಎಂಬ ಜಾತಿಯ ಕಾಡುದ್ರಾಕ್ಷಿಯ ಅರ್ಧದಷ್ಟು ಹೂ ಅರಳಿದ ದಿನವನ್ನು ಗುರುತಿಟ್ಟುಕೊಂಡು, ಅಂದಿನಿಂದ 47.1 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿನ ಶಾಖವನ್ನು ದಿನದಿನವೂ ಕೂಡುತ್ತ ಹೋದರೆ, ಮೊತ್ತ ಸುಮಾರು 810 ತಲುಪುವ ಹೊತ್ತಿಗೆ ಎರಡನೇ ಪೀಳಿಗೆಯ ಮೊಟ್ಟೆಗಳು ಕಾಣಿಸತೊಡಗುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ನೀವಾ ಹವಾಮಾನ ಜಾಲವು ಈ ಲೆಕ್ಕವನ್ನು ತಾನೇ ಮಾಡಿ ಒದಗಿಸುತ್ತದೆ. ಅದರ ಜೊತೆಗೆ ಗೊಂಚಲುಗಳನ್ನು ಕೈಯಿಂದ ಬಿಡಿಸಿ ನೋಡುವ ಶ್ರಮ ತಪ್ಪಿದ್ದಲ್ಲ, ತಪ್ಪಿಸಲೂ ಬಾರದು.

ಇದೇ ಬಲೆಗಳನ್ನು ಮಾರುವ ಅಂಗಡಿಗಳಲ್ಲಿ ಜಪಾನಿ ದುಂಬಿಗೆಂದು ಚೀಲದ ಬಲೆಗಳೂ ಸಿಗುತ್ತವೆ. ಅವು ಹಿಡಿಯುವುದಕ್ಕಿಂತ ಹೆಚ್ಚು ದುಂಬಿಗಳನ್ನು ಸುತ್ತಲಿನ ಬಳ್ಳಿಗಳಿಗೆ ಕರೆತರುತ್ತವೆ, ಆ ದುಂಬಿಗಳು ಎಲೆಗಳನ್ನು ತಿಂದು ಜಾಲರಿಯಾಗಿಸುತ್ತವೆ. ಪತಂಗದ ಬಲೆಯನ್ನು ಅದರ ಮಿತಿಯೊಳಗೆ ಶಿಫಾರಸು ಮಾಡುತ್ತೇನೆ. ದುಂಬಿಯ ಚೀಲವನ್ನು ದ್ರಾಕ್ಷಿ ತೋಟದ ಹತ್ತಿರ ಯಾರೂ ಕಟ್ಟಬಾರದು.