ಓರೂರೊ ಕಾರ್ನಿವಲ್‌ಗೆ ಸೀಟು ಕೊಳ್ಳುವವರೇ, ರಸೀದಿಯಲ್ಲಿ ಯಾವ ದಿನವೆಂದು ನೋಡಿಕೊಳ್ಳಿ

ಬೊಲಿವಿಯಾದ ಓರೂರೊ ನಗರದಲ್ಲಿ ನಡೆಯುವ ಕುಣಿತದ ಮೆರವಣಿಗೆಯ ಹಬ್ಬ, ಓರೂರೊ ಕಾರ್ನಿವಲ್ ನೋಡಲು ಹೋಗುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನೂ ನನ್ನ ಅಕ್ಕನೂ ಎರಡು ವರ್ಷ ಹಣ ಕೂಡಿಟ್ಟು ಅಷ್ಟು ದೂರ ಹೋಗಿ, ಯಾವುದನ್ನು ನೋಡಲೆಂದು ಹೋಗಿದ್ದೆವೋ ಅದನ್ನೇ ನೋಡದೆ ಹಿಂದಿರುಗಿದೆವು. ಲಾ ಪಾಜ್ ನಗರದ ಏಜೆಂಟನೊಬ್ಬ ಶನಿವಾರದ ಸೀಟೆಂದು ನಂಬಿಸಿ ನಮಗೆ ಭಾನುವಾರದ ಸೀಟು ಮಾರಿದ್ದ.

ಒಂದು ದಿನದ ವ್ಯತ್ಯಾಸ ತಾನೇ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗಲ್ಲ. ಶನಿವಾರದ್ದು ಯಾತ್ರೆ. ಗಣಿ ಕಾರ್ಮಿಕರನ್ನು ಕಾಯುವ ತಾಯಿಯೆಂದು ಅಲ್ಲಿನವರು ನಂಬುವ ಸೊಕಾವೊನ್ ಮಾತೆಗೆ ಹರಕೆ ಹೊತ್ತವರು ಅಂದು ಸುಮಾರು ನಾಲ್ಕು ಕಿಲೋಮೀಟರ್ ದಾರಿಯನ್ನು ಕುಣಿಯುತ್ತಲೇ ಸವೆಸಿ, ಚರ್ಚ್ ತಲುಪಿದ ಮೇಲೆ ಮುಖವಾಡ ತೆಗೆದು, ಹಲವರು ಮಂಡಿಯೂರಿಕೊಂಡೇ ಮಾತೆಯ ಮುಂದೆ ಸಾಗುತ್ತಾರೆ. ಮೂರು ವರ್ಷ ಕುಣಿಯುತ್ತೇನೆಂದು ಹರಕೆ ಹೊರುವುದು ಅಲ್ಲಿನ ವಾಡಿಕೆ. 2001ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಈ ಮೆರವಣಿಗೆಯಲ್ಲಿ 28,000ಕ್ಕೂ ಹೆಚ್ಚು ನರ್ತಕರು, ಸುಮಾರು 10,000 ವಾದ್ಯಗಾರರು 20 ಗಂಟೆ ಬಿಡುವಿಲ್ಲದೆ ಸಾಗುತ್ತಾರೆ. ಭಾನುವಾರವೂ ತಂಡಗಳು ಬರುತ್ತವೆ, ನಿಜ; ಆದರೆ ಅಂದಿನದು ಹರಕೆಯಲ್ಲ, ಮೋಜು. ಅಕ್ಕನಿಗೆ ನೋಡಬೇಕಾಗಿದ್ದುದು ಹರಕೆಯ ಕುಣಿತವನ್ನೇ. "ಶನಿವಾರ, ಚರ್ಚ್‌ಗೆ ಹತ್ತಿರ, ಎರಡು ಸೀಟು" ಎಂದು ಮೊದಲ ಸಂದೇಶದಲ್ಲೇ ನಾನು ಬರೆದಿದ್ದೆ. "ಆಗಲಿ ಸೆನ್ಯೋರಾ, ಎಲ್ಲವೂ ಸಿದ್ಧ" ಎಂದು ಆತ ಉತ್ತರಿಸಿದ್ದ. ಸೀಟು, ಒಂದು ರಾತ್ರಿಯ ಕೋಣೆ, ಹೋಗಿಬರುವ ಬಸ್ಸು ಎಲ್ಲ ಸೇರಿ ಇಬ್ಬರಿಗೆ 260 ಡಾಲರ್‌ಗಳನ್ನು ಮುಂಗಡವಾಗಿಯೇ ಕೊಟ್ಟೆ. ಪೂರ್ತಿ ಹಣ, ಮುಂಗಡವಾಗಿ. ಅದು ನನ್ನ ತಪ್ಪು.

ಶನಿವಾರ ಬೆಳಿಗ್ಗೆ ರಸ್ತೆಯ ಬದಿಯಲ್ಲಿ ಹಲಗೆ ಹೊಡೆದು ನಿಲ್ಲಿಸಿದ ಮೆಟ್ಟಿಲುಸಾಲಿನ ಬುಡದಲ್ಲಿ ಸೀಟುಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ಹೆಂಗಸಿನ ಕೈಗೆ ರಸೀದಿ ಕೊಟ್ಟೆ. ಆಕೆ ಅದನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿ, ಅದರಲ್ಲಿದ್ದ ಒಂದು ಪದದ ಕೆಳಗೆ ಉಗುರು ಎಳೆದು ತೋರಿಸಿದಳು: ದೊಮಿಂಗೊ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದು ಮೆಟ್ಟಿಲುಸಾಲಿನ ಮಾಲೀಕನ ಹೆಸರಿರಬೇಕೆಂದು ನಾನು ಅಷ್ಟು ದಿನವೂ ತಿಳಿದಿದ್ದೆ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಭಾನುವಾರ. ಆಕೆ ತನ್ನ ನೋಟ್‌ಬುಕ್ಕನ್ನೇ ತೆರೆದು ತೋರಿಸಿದಳು. ಭಾನುವಾರದ ಪುಟದಲ್ಲಿ ಏಜೆಂಟನ ಹೆಸರಿತ್ತು, ಶನಿವಾರದ ಪುಟದಲ್ಲಿ ಇರಲಿಲ್ಲ. ಭಾನುವಾರದ ಸೀಟಿಗೆ ತಾನು ಅರ್ಧದಷ್ಟೇ ದರ ಹಿಡಿಯುತ್ತೇನೆಂದೂ ಆಕೆಯೇ ಹೇಳಿದಳು.

ಅಲ್ಲೇ ನಿಂತು ಏಜೆಂಟನಿಗೆ ಬರೆದೆ. "ಎರಡೂ ದಿನ ಅದೇ ತಂಡಗಳು ಸೆನ್ಯೋರಾ, ಭಾನುವಾರ ಇನ್ನೂ ಆರಾಮವಾಗಿ ನೋಡಬಹುದು" ಎಂಬ ಉತ್ತರ ಬಂತು. ಶನಿವಾರವೆಂದು ಕೇಳಿದ್ದೆನಲ್ಲ ಎಂದರೆ, "ರಸೀದಿಯಲ್ಲಿ ದಿನವನ್ನು ಸ್ಪಷ್ಟವಾಗಿ ಬರೆದಿದೆ" ಎಂದ. ನನಗೆ ನಿಜವಾಗಿ ಮೋಸ ಅರ್ಥವಾದದ್ದು ಆಗ, ಏಕೆಂದರೆ ನಮ್ಮ ವಾಪಸು ಬಸ್ಸನ್ನು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕಾದಿರಿಸಿದವನೂ ಇವನೇ! ಭಾನುವಾರದ ಸೀಟು ಮಾರಿ ಭಾನುವಾರ ಬೆಳಿಗ್ಗೆಯೇ ಊರು ಬಿಡಿಸುವ ಬಸ್ಸು ಹತ್ತಿಸುವವನಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯದೇ ಇರುತ್ತದೆಯೇ? ಇದನ್ನೇ ಕೇಳಿದೆ. "ಬಸ್ಸು ಬದಲಿಸಲು 40 ಡಾಲರ್ ಆಗುತ್ತದೆ" ಎಂದ. ಭಾನುವಾರ ರಾತ್ರಿಯೇ ನಮ್ಮ ವಿಮಾನವಿತ್ತು. ಅದೂ ಅವನಿಗೆ ಗೊತ್ತಿತ್ತು.

ನಡೆದೇ ಚರ್ಚ್ ಸೇರೋಣವೆಂದು ಹೊರಟರೆ, 3,700 ಮೀಟರ್ ಎತ್ತರದ ಆ ಊರಿನ ಜನಸಂದಣಿಯಲ್ಲಿ ಅಕ್ಕನಿಗೆ ಉಸಿರು ಸಾಲದೆ ಅರ್ಧ ದಾರಿಯಲ್ಲೇ ಕೂತುಬಿಟ್ಟಳು. ಆ ದಿನವೆಲ್ಲ ನಾವು ನೋಡಿದ್ದು ಮೆಟ್ಟಿಲುಸಾಲಿನ ಹಿಂಬದಿಯನ್ನು. ಹಲಗೆಗಳ ಸಂದಿಯಲ್ಲಿ ಕಪೊರಾಲೆಸ್ ಎಂಬ ಕುಣಿತದ ನರ್ತಕರ ಬೂಟುಗಳೂ ಅವುಗಳಿಗೆ ಕಟ್ಟಿದ ದಪ್ಪ ಗೆಜ್ಜೆಗಳೂ ಕಾಣುತ್ತಿದ್ದವು. ಸೈತಾನರ ಕುಣಿತ ಬಂದಾಗ ಕೊಂಬುಗಳ ತುದಿಯಷ್ಟೇ ಕಂಡಿತು. ಮೇಲೆ ಕೂತವರು ಎರಚಿದ ನೊರೆ ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ.

ಹಣ ವಾಪಸು ಕೇಳಿದ್ದಕ್ಕೆ ಏಜೆಂಟ, ಸೋಮವಾರ, ಮಂಗಳವಾರ ಅಲ್ಲಿ ಹಬ್ಬದ ರಜೆ, ಬುಧವಾರ ಬರೆಯಿರಿ ಎಂದಿದ್ದ. ಬುಧವಾರ ಬರೆದೆ. "ನೀವು ಭಾನುವಾರ ಸೀಟು ಬಳಸಲಿಲ್ಲ ಎಂಬುದಕ್ಕೆ ಏನು ಪುರಾವೆ?" ಎಂದು ಕೇಳಿದ. ಬಸ್ಸಿನ ಟಿಕೆಟ್ಟನ್ನೇ ಕಳುಹಿಸಿದೆ, ಅವನೇ ಕೊಟ್ಟ ಟಿಕೆಟ್ಟು. ಅಲ್ಲಿಂದೀಚೆಗೆ ಉತ್ತರವಿಲ್ಲ.

ಹೋಗುವವರು ರಸೀದಿಯಲ್ಲಿ "ಸಾಬಾದೊ" ಎಂಬ ಪದವಿದೆಯೇ ನೋಡಿ, ಅದೇ ಶನಿವಾರ. ತಾರೀಖನ್ನೂ ಮೆಟ್ಟಿಲುಸಾಲು ಇರುವ ಬೀದಿಯ ಹೆಸರನ್ನೂ ಬರೆಸಿಕೊಳ್ಳಿ, ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ. ಸೀಟನ್ನೂ ವಾಪಸು ಬಸ್ಸನ್ನೂ ಒಬ್ಬನ ಕೈಗೆ ಬಿಡಲೇಬೇಡಿ. ನನ್ನ 260 ಡಾಲರ್‌ನಲ್ಲಿ ಒಂದು ಡಾಲರೂ ಈವರೆಗೆ ವಾಪಸು ಬಂದಿಲ್ಲ.