ಕಾಳಿ ನದಿ ಮೇಲೆ ಒಂದು ರಾತ್ರಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಹುಷಾರು

ದಾಂಡೇಲಿ, ಗಣೇಶಗುಡಿ ಕಡೆ 'ಕನೋ ಕ್ಯಾಂಪಿಂಗ್' (ಕನೋ ಅಂದ್ರೆ ಹುಟ್ಟು ಹಾಕುವ ಉದ್ದನೆ ದೋಣಿ) ಅಂತ ಬುಕ್ ಮಾಡಲು ಹೊರಟವರು ದಯವಿಟ್ಟು ಓದಿ. ಅಡ್ವಾನ್ಸ್ ಇನ್ನೂ ಹಾಕಿಲ್ಲ ಅಂದ್ರೆ ಸ್ವಲ್ಪ ತಡೆಯಿರಿ.

ಜಾಹೀರಾತು ಓದಿದ್ರೆ ಯಾರಿಗಾದ್ರೂ ಆಸೆಯಾಗಬೇಕು. ಮಧ್ಯಾಹ್ನ ದೋಣಿ ಹತ್ತುವುದು, ಟೆಂಟು, ಬ್ಯಾಗು ಎಲ್ಲಾ ಅದರಲ್ಲೇ ಹಾಕಿಕೊಂಡು ಹುಟ್ಟು ಹಾಕುತ್ತಾ ಹೋಗುವುದು, ರಾತ್ರಿ ನದಿ ನಡುವಿನ ಐಲ್ಯಾಂಡಿನಲ್ಲಿ ಕ್ಯಾಂಪು, ಬೆಂಕಿ, ಸುಟ್ಟ ಮೀನು. ಬೆಳಿಗ್ಗೆ ಮತ್ತೆ ನೀರಿನ ಮೇಲೇ ವಾಪಸ್. ತಲೆಗೆ 4,500 ರೂಪಾಯಿ, ಅರ್ಧ ಮೊದಲೇ ಕಟ್ಟಬೇಕು. ನಾವು ಆರು ಜನ, ಕಾಲೇಜು ಗೆಳೆಯರು. ಎಲ್ಲರ ಹತ್ತಿರ ಎತ್ತಿ 13,500 ಕಳಿಸಿದವನು ನಾನು. ಹೊಟ್ಟೆ ಉರಿಯುವುದು ಅದಕ್ಕೇ.

ಫೋನಿನಲ್ಲಿ ಬುಕಿಂಗ್ ಮಾಡಿಕೊಂಡವನ ಮಾತು ಕೇಳಬೇಕು. "ಸರ್, ಪರ್ಮಿಷನ್ ಎಲ್ಲಾ ನಮ್ದೇ. ನೀವು ಬಟ್ಟೆ ತಗೊಂಡು ಬನ್ನಿ ಸಾಕು."

ಬೆಂಗಳೂರಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಹೋದ್ವಿ. ಅಲ್ಲಿ ಹೋದ್ರೆ "ಡ್ಯಾಮ್‌ನಿಂದ ನೀರು ಬಿಟ್ಟಿಲ್ಲ ಸರ್, ವೇಟ್ ಮಾಡಿ." ಸರಿ, ಸೂಪಾ ಅಣೆಕಟ್ಟಿನ ಕೆಳಗೆ ಪವರ್‌ಹೌಸ್ ಓಡಿದಾಗ ಮಾತ್ರ ನೀರು ಜಾಸ್ತಿ ಆಗುತ್ತೆ, ರ್‍ಯಾಫ್ಟಿಂಗ್‌ಗೆ ಹೋದವರಿಗೆಲ್ಲ ಗೊತ್ತಿರುವ ವಿಷಯ. ಕಾದ್ವಿ. ಊಟ ಆಯ್ತು, ಇನ್ನೂ ಕಾದ್ವಿ. ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಹುಡುಗ ಬಂದು, ಹರಿವಿಲ್ಲದ ನೀರಿನ ಕಡೆ ಕರೆದುಕೊಂಡು ಹೋದ.

ಅಲ್ಲಿದ್ದದ್ದು ಪ್ಲಾಸ್ಟಿಕ್ ಕಯಾಕ್. ಒಬ್ಬರು ಕೂರುವಂಥದ್ದು. ಅದರಲ್ಲಿ ಟೆಂಟು ಹಾಕುವುದಿರಲಿ, ನೀರಿನ ಬಾಟಲಿ ಇಡಲೂ ಜಾಗ ಇಲ್ಲ. ನನಗೆ ಕೊಟ್ಟ ಲೈಫ್ ಜಾಕೆಟ್ಟಿಗೆ ಮೂರು ಬಕಲ್ ಇರಬೇಕಿತ್ತು, ಒಂದು ಇತ್ತು. ಉಳಿದ ಎರಡು ಕಡೆ ನೈಲಾನ್ ದಾರ ಬಿಗಿದಿದ್ದರು, ಚಪ್ಪಲಿ ಉಂಗುಷ್ಟಕ್ಕೆ ಪಿನ್ನು ಚುಚ್ಚಿದ ಹಾಗೆ. ನೀರಿಗೆ ಅಡ್ಡ ಹಗ್ಗ ಕಟ್ಟಿ ಖಾಲಿ ಡ್ರಮ್ ತೇಲಿಬಿಟ್ಟಿದ್ದರು. ಅದನ್ನು ದಾಟಬಾರದು. ಅರ್ಧ ಗಂಟೆ ಆಗುತ್ತಲೇ ಹುಡುಗ ಸೀಟಿ ಊದಿದ.

"ಐಲ್ಯಾಂಡ್ ಯಾವಾಗ?" ಅಂತ ಕೇಳಿದೆ. ಹುಡುಗ ನಕ್ಕ, ಏನೂ ಹೇಳಲಿಲ್ಲ.

ಕತ್ತಲಾಗುವಾಗ ಜೀಪಿನಲ್ಲಿ ಹೋಂಸ್ಟೇಗೆ ಕರೆದುಕೊಂಡು ಹೋದರು. ಹಿತ್ತಲಲ್ಲಿ, ನೀರಿನ ಸಿಂಟೆಕ್ಸ್ ಪಕ್ಕ, ಸಾಲಾಗಿ ಟೆಂಟು. ತೆಂಗಿನ ಮರಕ್ಕೆ ಬೋರ್ಡು ಹೊಡೆದಿತ್ತು: 'ಐಲ್ಯಾಂಡ್ ಕ್ಯಾಂಪ್'. ನದಿ ಎಲ್ಲೂ ಕಾಣುವುದಿಲ್ಲ! ಫೋನ್ ಮಾಡಿದೆ. ಆತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಸರ್, ಐಲ್ಯಾಂಡ್ ಅಂದ್ರೆ ನಮ್ ಕ್ಯಾಂಪಿನ ಹೆಸರು."

ಹೆಸರಂತೆ. ಹೆಸರು! ಐದು ಜನ ನನ್ನ ಮುಖ ನೋಡುತ್ತಾ ನಿಂತಿದ್ದರು. ಒಬ್ಬ ಸಿಂಟೆಕ್ಸ್ ತಟ್ಟಿ "ಬಾರೋ, ಇದರಲ್ಲೇ ಕನೋ ಬಿಡೋಣ" ಅಂದ. ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಆಮೇಲೆ ಅಡುಗೆಯವನು ಬಂದು ಬಾಕಿ ದುಡ್ಡು ಕೊಟ್ಟರೆ ಊಟ ಬಡಿಸುತ್ತೇನೆ ಅಂದ. ಹಸಿದ ಹೊಟ್ಟೆ, ಅಪರಿಚಿತ ಜಾಗ, ಕೊಟ್ವಿ. ಸುಟ್ಟ ಮೀನೂ ಇಲ್ಲ, ಅನ್ನ, ಸಾರು, ಹಪ್ಪಳ.

ಮರುದಿನ ಚಹಾ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಅಂಗಡಿಯವರು ಲೋಟ ಕೈಯಲ್ಲಿ ಹಿಡಿದು ಹಾಗೇ ನಿಂತರು. "ರಾತ್ರಿ ಹೊಳಿಯಾಗ ಮಲಗ್ತೀರೇನ್ರಿ ಸರ? ಮೊಸಳಿ ಅದಾವ್ರಿ. ಫಾರೆಸ್ಟ್‌ನವ್ರು ಬಿಡ್ತಾರೇನು?" ಅಷ್ಟೇ ವಿಷಯ. ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ಊರಿನ ಹತ್ತಿರವೇ ಹೊಳೆಯಲ್ಲಿ ಮೊಸಳೆಗಳಿವೆ, 2021ರಲ್ಲಿ ಒಬ್ಬ ಹುಡುಗನನ್ನು ಎಳೆದುಕೊಂಡು ಹೋಗಿತ್ತು. ಮೇಲಿಂದ ಪವರ್‌ಹೌಸ್ ಶುರುವಾದರೆ ಹೊಳೆ ದಂಡೆಗೆ ನೀರು ಏರಿ ಬರುತ್ತೆ. ಅಂದ್ರೆ ನೀರು ಬಿಟ್ಟಿದ್ದರೂ ಆ ಟ್ರಿಪ್ ಆಗುತ್ತಿರಲಿಲ್ಲ. ನಮ್ಮನ್ನು ಇಡೀ ದಿನ ಸುಮ್ನೆ ಕಾಯಿಸಿದ್ದು. ಇಲ್ಲದೇ ಇರುವ ಟ್ರಿಪ್ಪನ್ನು ಮಾರಿದ್ದಾರೆ, ಅಲ್ವಾ?

ದುಡ್ಡು ವಾಪಸ್ ಕೇಳಿದೆ. ಮೊದಲು "ಚೆಕ್ ಮಾಡ್ತೀನಿ ಸರ್". ಆಮೇಲೆ "ಓನರ್ ಊರಲ್ಲಿಲ್ಲ ಸರ್". ಅಡ್ವಾನ್ಸ್ ಹಾಕುವಾಗ ಓನರ್ ನಾನೇ ಅಂದಿದ್ದ ಮನುಷ್ಯ ಇವನೇ! ಆಮೇಲೆ "ಟೆಂಟಲ್ಲಿ ಮಲಗಿದ್ರಿ, ಊಟ ಮಾಡಿದ್ರಿ, ಬೋಟಿಂಗ್ ಮಾಡಿದ್ರಿ, ಇನ್ನೇನು ಸರ್?" ನಾನು ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸಿದೆ. ಅದಕ್ಕೆ ಬಂದ ಉತ್ತರ ಒಂದು ಕೈ ಮುಗಿದ ಇಮೋಜಿ. ಮುಂದಿನ ಸಲ ಬಂದರೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಅಂತೆ. ಮಾರನೇ ದಿನದಿಂದ ಬ್ಲಾಕ್.

1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಆ ಊರಿನಲ್ಲಿ ನೆಟ್ಟಗೆ ರ್‍ಯಾಫ್ಟಿಂಗ್ ಮಾಡಿಸುವವರೂ ಇದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ರಾತ್ರಿ ನದಿಯಲ್ಲಿ ಕ್ಯಾಂಪ್ ಅಂದವರಿಗೆ ಅರಣ್ಯ ಇಲಾಖೆಯ ಪರ್ಮಿಷನ್ ಕಾಗದ ತೋರಿಸಿ ಅನ್ನಿ. ಟೆಂಟ್ ಹಾಕುವ ಜಾಗದ ಲೊಕೇಶನ್ ಕೂಡ ಕಳಿಸಲು ಹೇಳಿ. ನಾವೂ ಕೇಳಿದ್ದೆವು. ಆತ ಕಳಿಸಿದ್ದು ದಾಂಡೇಲಿ ಬಸ್ ಸ್ಟ್ಯಾಂಡಿನದು.